ಮನೆ ಮಾರುವ ಮುಂಚೆ ಬಣ್ಣ ಹೊಡೆಸಬೇಡಿ

ಮನೆ ಮಾರೋದು ಅಂತ ತೀರ್ಮಾನ ಆದ ಮಾರನೇ ದಿನವೇ ನಮ್ಮ ಜನ ಪೇಂಟರ್‌ಗೆ ಫೋನ್ ಮಾಡುತ್ತಾರೆ. ಒಳಗೆ ಹೊರಗೆ ಎರಡೆರಡು ಕೋಟ್, ಕಿಟಕಿ ಗ್ರಿಲ್‌ಗೆ ಎನಾಮಲ್, ಗೇಟಿನ ತುದಿಗೆ ಬಂಗಾರದ ಬಣ್ಣ. ನನ್ನ ಕೇಳಿದರೆ ಇದು ದಂಡದ ಖರ್ಚು. ಎಷ್ಟೋ ಸಲ ವ್ಯಾಪಾರ ಕೆಡೋದೂ ಇದರಿಂದಲೇ.

ಹಳೇ ಮನೆ ನೋಡೋಕೆ ಬರುವವರು ದಡ್ಡರಲ್ಲ. ಅಂಥ ಮನೆಯಲ್ಲಿ ಹಸಿ ಬಣ್ಣದ ವಾಸನೆ ಬಂದರೆ ಅವರ ತಲೆಗೆ ಮೊದಲು ಬರುವುದು ‘ಇವರು ಏನನ್ನ ಮುಚ್ಚಿದ್ದಾರೆ?’ ಅನ್ನೋ ಅನುಮಾನ. ಆಮೇಲೆ ನೀವು ಏನೇ ಹೇಳಿ, ಅರ್ಧ ಮಾತ್ರ ನಂಬುತ್ತಾರೆ.

ಮೈಸೂರಿನ ಕುವೆಂಪುನಗರದ ನಮ್ಮ ಮನೆ ಮಾರಿದಾಗ ಇದನ್ನ ಹತ್ತಿರದಿಂದ ನೋಡಿದೆ. ಅಪ್ಪ ಕಟ್ಟಿಸಿದ ಮನೆ, 30-40 ಸೈಟು, ರೆಡ್ ಆಕ್ಸೈಡ್ ನೆಲ. ಬಚ್ಚಲುಮನೆಗೆ ಅಂಟಿಕೊಂಡ ರೂಮಿನಲ್ಲಿ ಬೀರು ಸರಿಸಿದರೆ, ಹಿಂದಿನ ಗೋಡೆ ನೆಲದಿಂದ ಮೊಣಕಾಲೆತ್ತರಕ್ಕೆ ಉಬ್ಬಿಕೊಂಡಿತ್ತು. ಮೇಲೆಲ್ಲ ಉಪ್ಪು ಬಿಟ್ಟ ಬಿಳಿ ಪುಡಿ. ಉಗುರಿನಲ್ಲಿ ಕೆರೆದರೆ ಡಿಸ್ಟೆಂಪರ್ ಹಪ್ಪಳದ ಹಾಗೆ ಎದ್ದು ಕೈಗೆ ಬರುತ್ತಿತ್ತು. ಪೇಂಟರ್ ನೋಡಿ, ‘ಪುಟ್ಟಿ ಎಳೆದು ಮೇಲೆ ಡ್ಯಾಂಪ್ ಪ್ರೂಫ್ ಹೊಡೀತೀನಿ ಸಾರ್, ಆರು ತಿಂಗಳು ಯಾರಿಗೂ ಗೊತ್ತಾಗಲ್ಲ’ ಅಂದ. ಆರು ತಿಂಗಳಾದ ಮೇಲೆ? ಆಗ ಮನೆ ಬೇರೆಯವರದ್ದಲ್ವಾ, ಅದೇ ಅವನ ಲೆಕ್ಕ.

ಪೇಂಟರ್‌ನ ಕಳಿಸಿ ಪ್ಲಂಬರ್‌ನ ಕರೆದೆವು. ಗೋಡೆಯೊಳಗಿನ ಹಳೇ ಜಿಐ (ಕಬ್ಬಿಣದ) ಪೈಪು ತುಕ್ಕು ಹಿಡಿದು ತೂತಾಗಿತ್ತು. ಅದನ್ನ ಬಂದ್ ಮಾಡಿ ಹೊರಗೋಡೆ ಮೇಲೆ ಹೊಸ ಸಿಪಿವಿಸಿ (ಪ್ಲಾಸ್ಟಿಕ್) ಲೈನು ಎಳೆಸಿದೆವು. ಸಡಿಲಾದ ಗಾರೆ ಕೆತ್ತಿಸಿ, ಗೋಡೆಯನ್ನ ಹಾಗೇ ಒಣಗೋಕೆ ಬಿಟ್ಟೆವು. ಬಣ್ಣ ಮುಟ್ಟಿಸಲಿಲ್ಲ. ಬಂದವರಿಗೆಲ್ಲ ಬೀರು ಸರಿಸಿ ತೋರಿಸಿದ್ದೇ ತೋರಿಸಿದ್ದು: ಇಲ್ಲಿ ಸೋರುತ್ತಿತ್ತು, ಇದು ಹೊಸ ಪೈಪು, ಇದು ಪ್ಲಂಬರ್ ಬಿಲ್ಲು. ಬ್ರೋಕರ್ ಹಣೆ ಚಚ್ಚಿಕೊಂಡರು. ಕೆಲವರು ಮುಖ ಸಿಂಡರಿಸಿ ಹೋದರು, ಹೋಗಲಿ. ಕೊನೆಗೆ ತೆಗೆದುಕೊಂಡವರು ಗೋಡೆ ಮೇಲೆ ಅಂಗೈ ಇಟ್ಟು ನೋಡಿ, ಪ್ಲಂಬರ್ ನಂಬರ್ ಕೊಡಿ ಅಂದರು. ಆ ಗೋಡೆ ತೋರಿಸಿ ರೇಟು ಇಳಿಸಿ ಅಂತ ಅವರು ಒಂದು ಮಾತೂ ಆಡಲಿಲ್ಲ.

ಇದು ಬರೀ ಒಳ್ಳೆತನದ ವಿಷಯ ಅಂದುಕೊಳ್ಳಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ನೋಡಿ. ಮಾರುವವನಿಗೆ ಗೊತ್ತಿರುವ, ಕೊಳ್ಳುವವನು ಮಾಮೂಲಿ ಎಚ್ಚರಿಕೆಯಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನ ಹೇಳಲೇಬೇಕು. ಮನೆಯ ದೋಷ ಇರಲಿ, ಹಕ್ಕಿನ ದೋಷ ಇರಲಿ. ಬೇರೆ ಕರಾರು ಇಲ್ಲದಿದ್ದರೆ ಇದೇ ನಿಯಮ.

ಹಕ್ಕಿನ ದೋಷ ಅಂದೆನಲ್ಲ, ಬಣ್ಣದ ದುಡ್ಡಿನ ಜೊತೆ ನಿಮ್ಮ ಓಡಾಟವೂ ಹೋಗಬೇಕಾದ್ದು ಅಲ್ಲಿಗೆ. ನಮ್ಮಲ್ಲಿ ಕೊಳ್ಳುವವರು ಮೊದಲು ಕಾಗದ ಕೊಳ್ಳುತ್ತಾರೆ, ಆಮೇಲೆ ಮನೆ. 2024ರ ಕೊನೆಯಿಂದ ನಗರಗಳಲ್ಲಿ ಇ-ಖಾತಾ (ಪಾಲಿಕೆ, ನಗರಸಭೆ ಕೊಡುವ ಡಿಜಿಟಲ್ ಖಾತೆ ಪತ್ರ) ಇಲ್ಲದೆ ನೋಂದಣಿಯೇ ಆಗಲ್ಲ. ಯಜಮಾನರು ತೀರಿಕೊಂಡು ವರ್ಷಗಟ್ಟಲೆ ಆದರೂ ಖಾತೆ ಅವರ ಹೆಸರಲ್ಲೇ ಇರುವ ಮನೆಗಳು ಬೀದಿಗೆ ನಾಲ್ಕು ಸಿಗುತ್ತವೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತೆ ಬದಲಾವಣೆ, ಆಮೇಲೆ ಇ-ಖಾತಾ. ಇದಕ್ಕೆಲ್ಲ ಎಷ್ಟು ಓಡಾಟ ಅಂತ ಓಡಾಡಿದವರಿಗೇ ಗೊತ್ತು. ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸುವ ಇ.ಸಿ. (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. 2004ಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕಾಗಬಹುದು. ಸಾಲ ಕೊಡುವ ಬ್ಯಾಂಕಿನ ವಕೀಲರು ಹಳೇದನ್ನ ಕೇಳದೆ ಬಿಡಲ್ಲ.

ಇನ್ನು ಅಕ್ಕ ತಂಗಿಯರ ಸಹಿ. ಹಿಂದೂ ಕುಟುಂಬದಲ್ಲಿ ಅಪ್ಪ ಉಯಿಲು ಬರೆಯದೆ ಹೋಗಿದ್ದರೆ ಅವರ ಸ್ವಂತ ಸಂಪಾದನೆಯ ಮನೆಯಲ್ಲಿ ಅಮ್ಮನಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಅಪ್ಪನ ತಾಯಿ ಇದ್ದರೆ ಅವರಿಗೂ ಸಮಪಾಲು. ಮದುವೆ ಆಗಿದೆ, ಒಡವೆ ಕೊಟ್ಟಿದ್ದೀವಿ ಅನ್ನೋ ಮಾತು ಕಾನೂನಿನ ಮುಂದೆ ನಡೆಯಲ್ಲ. ‘ಅವಳು ಏನೂ ಅನ್ನಲ್ಲ ಬಿಡಿ’ ಅನ್ನುತ್ತಾ ಅಡ್ವಾನ್ಸ್ ತೆಗೆದುಕೊಂಡ ಅಣ್ಣಂದಿರನ್ನ ನೋಡಿದ್ದೇನೆ. ಅವಳು ಏನೂ ಅನ್ನಲ್ಲ, ಸರಿ. ಅವಳನ್ನ ಒಂದು ಮಾತು ಕೇಳೋಕೆ ಏನು ಕಷ್ಟ? ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಅವಳ ಬದಲು ಇಲ್ಲಿ ಇನ್ನೊಬ್ಬರು ಸಹಿ ಹಾಕೋಕೆ ಬೇಕಾದ ಪವರ್ ಆಫ್ ಅಟಾರ್ನಿ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಣ ಆಗಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಗಿರಾಕಿ ಸಿಕ್ಕ ಮೇಲೆ ಇದನ್ನೆಲ್ಲ ಶುರು ಮಾಡಿದರೆ ಗಿರಾಕಿ ಕಾಯಲ್ಲ. ಆಷಾಢದಲ್ಲಿ ಹೇಗೂ ಯಾರೂ ಮನೆ ನೋಡೋಕೆ ಬರಲ್ಲ, ಕಾಗದ ಪತ್ರ ಜೋಡಿಸೋಕೆ ಅದೇ ಒಳ್ಳೇ ಕಾಲ. ಮಳೆ ಬಿದ್ದರೆ ತಾರಸಿ ಎಲ್ಲಿ ಸೋರುತ್ತೆ ಅನ್ನೋದೂ ಆಗಲೇ ಗೊತ್ತಾಗುತ್ತೆ.

ಮನೆ ಸಿದ್ಧ ಮಾಡೋದರಲ್ಲಿ ನಿಜವಾಗಿ ಕೆಲಸಕ್ಕೆ ಬರೋದು ಖಾಲಿ ಮಾಡೋದು. ಅಟ್ಟದ ಮೇಲಿನ ಟ್ರಂಕು, ತಳ ಸುಟ್ಟ ಕುಕ್ಕರು, ‘ಯಾವತ್ತಾದ್ರೂ ಬೇಕಾಗುತ್ತೆ’ ಅಂತ ಇಟ್ಟ ಹಾರ್ಲಿಕ್ಸ್ ಬಾಟಲಿಗಳು. ಕಳಿಸಿಬಿಡಿ. ಸಂಪು, ಓವರ್‌ಹೆಡ್ ಟ್ಯಾಂಕ್ ತೊಳೆಸಿ. ಕಿರ್ ಅನ್ನುವ ಬಾಗಿಲಿಗೆ ಎಣ್ಣೆ ಬಿಡಿ. ರೆಡ್ ಆಕ್ಸೈಡ್ ನೆಲಕ್ಕೆ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ಉಜ್ಜಿದರೆ ಹೊಸ ಟೈಲ್ಸ್ ಅದರ ಮುಂದೆ ಸಪ್ಪೆ. ಇಷ್ಟು ಸಾಕು.

ತೋರಿಸುವಾಗ ಮಾತು ಕಮ್ಮಿ ಇರಲಿ. ಇದು ಹೇಳೋಕೆ ಸುಲಭ. ನಮ್ಮಮ್ಮ ಬಂದವರಿಗೆಲ್ಲ ಕಾಫಿ ಕೊಟ್ಟು, ಯಾವ ಮಗುವಿಗೆ ಯಾವ ರೂಮಿನಲ್ಲಿ ಅಮ್ಮ (ಸಿಡುಬು) ಆಗಿತ್ತು ಅಂತೆಲ್ಲ ಹೇಳುತ್ತಿದ್ದರು. ‘ಅಮ್ಮಾ, ಕಾಫಿ ಕೊಟ್ರೆ ಜನ ಸಲಿಗೆ ತಗೊಂಡು ರೇಟು ಇಳಿಸಿ ಅಂತಾರೆ’ ಅನ್ನೋದು ಬ್ರೋಕರ್ ಗೋಳು. ‘ಮನೆಗೆ ಬಂದವರನ್ನ ಹಾಗೇ ಕಳಿಸೋಕಾಗುತ್ತೇನಪ್ಪಾ’ ಅನ್ನೋದು ಅಮ್ಮನ ಉತ್ತರ. ಕಾಫಿ ವಿಷಯದಲ್ಲಿ ನಾನು ಅಮ್ಮನ ಪಕ್ಷ. ಆದರೆ ನೋಡೋಕೆ ಬಂದ ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತು ಪಿಸುಪಿಸು ಮಾತಾಡಿಕೊಳ್ಳೋಕೆ ಜಾಗ ಬಿಡಬೇಕು. ಫ್ರಿಜ್ ಎಲ್ಲಿಡೋದು ಅಂತ ಅವರು ಮಾತಾಡಿಕೊಳ್ಳೋಕೆ ಶುರು ಮಾಡಿದರೆ ಒಳ್ಳೇ ಲಕ್ಷಣ. ಮೊಬೈಲ್‌ನಲ್ಲಿ ದಿಕ್ಸೂಚಿ ಹಿಡಿದು ಆಗ್ನೇಯ ಹುಡುಕುವವರ ಜೊತೆ ವಾದ ಬೇಡ, ವಾಸ್ತು ನಂಬಿದವರ ಮನಸ್ಸು ನಿಮ್ಮ ಮಾತಿಗೆ ಬದಲಾಗಲ್ಲ. ನೀರು ಎಷ್ಟು ಹೊತ್ತು ಬರುತ್ತೆ ಅಂತ ಕೇಳಿದರೆ ಇದ್ದದ್ದು ಹೇಳಿ. ಪಕ್ಕದ ಮನೆಯಲ್ಲಿ ವಿಚಾರಿಸದೆ ಯಾರೂ ಅಡ್ವಾನ್ಸ್ ಕೊಡಲ್ಲ. ದಾಖಲೆಯ ಜೆರಾಕ್ಸ್ ಕೊಡಬಹುದು, ಮೂಲ ಪತ್ರ ಮಾತ್ರ ಯಾರ ಕೈಗೂ ಕೊಡಬೇಡಿ.

ಎಲ್ಲ ಒಪ್ಪಿಗೆ ಆದ ಮೇಲೆ ಕೆಲವರು ದನಿ ತಗ್ಗಿಸಿ ‘ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು?’ ಅಂತ ಕೇಳುತ್ತಾರೆ, ಅಂದರೆ ಪತ್ರದಲ್ಲಿ ತೋರಿಸೋದು ಎಷ್ಟು, ಲೆಕ್ಕ ತಪ್ಪಿಸಿ ಕೈಗೆ ಕೊಡೋ ನಗದು ಎಷ್ಟು ಅಂತ. ಅವರ ಸಂಕಟವೂ ಅರ್ಥ ಆಗುತ್ತೆ. 45 ಲಕ್ಷ ಮೇಲ್ಪಟ್ಟ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಎಲ್ಲ ಸೇರಿ ನಗರದಲ್ಲಿ ಶೇ 7.6. ಆದರೆ ಅವರು ಉಳಿಸುವ ದುಡ್ಡಿಗೆ ಸಿಕ್ಕಿಬೀಳೋದು ನೀವು. ಮನೆ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ ಬೀಳಬಹುದು. 50 ಲಕ್ಷ ಮತ್ತು ಮೇಲಿನ ವ್ಯವಹಾರದಲ್ಲಿ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಹಿಡಿದು ಕಟ್ಟಲೇಬೇಕು, ಅಂದರೆ ಲೆಕ್ಕ ಹೇಗೂ ಆದಾಯ ತೆರಿಗೆ ಇಲಾಖೆಗೆ ಹೋಗಿರುತ್ತೆ. ಹಾಗಾಗಿ ಯಾರಾದರೂ ಅರ್ಧ ಕ್ಯಾಶ್ ಅಂದರೆ, ಅವರಿಗೂ ಕಾಫಿ ಕೊಟ್ಟು ಗೇಟಿನವರೆಗೆ ಬಿಟ್ಟು ಬನ್ನಿ.