ಎಂಜಿನ್ ನೀರು ಕುಡೀತದ ಅಂದರೆ ಒಪ್ಪಬೇಡಿ

ಹಳೇ ಕಾರಿನ ಬಾನೆಟ್ ಎತ್ತಿ "ಇದು ಸ್ವಲ್ಪ ನೀರು ಕುಡೀತದರಿ, ವಾರಕ್ಕೊಮ್ಮೆ ಹಾಕ್ಕೋತ ಹೋಗ್ರಿ" ಅನ್ನುವುದು ನಮ್ಮ ಧಾರವಾಡ, ಬೆಳಗಾವಿ ಕಡೆ ಸಲೀಸು. ಇಲ್ಲಿ ಪುಣೆಯಲ್ಲಿ ಅದನ್ನೇ ಒಂದು ಮಾತಿನಲ್ಲಿ "ಚಾಲೇಲ್", ಅಂದರೆ ನಡೀತದ, ಅನ್ನುತ್ತಾರೆ. ಎರಡನ್ನೂ ಒಪ್ಪಬಾರದು. ಎಂಜಿನ್ ನೀರು ಕುಡಿಯುವುದಿಲ್ಲ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಓಡಾಡುವುದು ಮುಚ್ಚಿದ ದಾರಿಯಲ್ಲಿ. ಅದು ಕಡಿಮೆಯಾಯಿತು ಅಂದರೆ ಹೊರಗೆ ಸೋರಿರಬೇಕು, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್ ಪದರ) ಹೋಗಿ ಒಳಗೆ ಸೇರಿರಬೇಕು. ಹತ್ತು ಹದಿನೈದು ವರ್ಷದ ಗಾಡಿಯಲ್ಲಿ ಮೊದಲು ಅನುಮಾನ ಪಡಬೇಕಾದ್ದು ಫಿಟ್ಟಿಂಗುಗಳ ಮೇಲೆ, ಅಂದರೆ ಕೂಲಂಟ್ ಪೈಪುಗಳನ್ನು ಎಂಜಿನ್ನಿಗೆ ಕೂಡಿಸುವ ತುಂಡುಗಳ ಮೇಲೆ.

ಪುಣೆಯಿಂದ ಹುಬ್ಬಳ್ಳಿಗೆ ಸುಮಾರು 430 ಕಿ.ಮೀ. ಹಬ್ಬಕ್ಕೆ, ಮದುವೆಗೆ ಇಲ್ಲಿನ ಕನ್ನಡಿಗರು ಹಳೇ ಗಾಡಿಯಲ್ಲೇ ಹೊರಡುತ್ತಾರೆ. ಹೋಗುವಾಗ ಖಂಬಾಟಕಿ ಘಾಟ್, ನಿಪ್ಪಾಣಿ ಹತ್ತಿರ ತವಂದಿ ಘಾಟ್ ದಾಟಬೇಕು. ಊರೊಳಗೆ ತಿಂಗಳುಗಟ್ಟಲೆ ಸುಮ್ಮನಿದ್ದ ಸಣ್ಣ ಸೋರಿಕೆ ಘಾಟಿನಲ್ಲಿ ಎರಡನೇ ಗೇರ್, ತುಂಬಿದ ಗಾಡಿ, ಮೇ ತಿಂಗಳ ಬಿಸಿಲು, ಎಸಿ ಎಲ್ಲ ಕೂಡಿದಾಗ ಬಾಯಿ ಬಿಡುತ್ತದೆ.

ಸೋರುವುದು ಸಾಮಾನ್ಯವಾಗಿ ಪೈಪಿನ ನಡುವಿನಿಂದಲ್ಲ, ಕೂಡಿಕೆಯಿಂದ. ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲಂಟಿಗೆ ರೇಡಿಯೇಟರಿನ ದಾರಿ ತೆರೆಯುವ ಕವಾಟ) ಕೂರುವ ಹೌಸಿಂಗ್, ಹೆಡ್ಡಿನ ತುದಿಗೆ ಬೋಲ್ಟ್ ಹಾಕಿದ, ಹೋಸ್ ಸಿಕ್ಕಿಸುವ ಪ್ಲಾಸ್ಟಿಕ್ ಫ್ಲೇಂಜ್, ಹೀಟರಿಗೆ ಕವಲೊಡೆಯುವ ಟಿ ಆಕಾರದ ತುಂಡು, ಟೆಂಪರೇಚರ್ ಸೆನ್ಸರಿನ ಓ ರಿಂಗ್ ಅನ್ನುವ ರಬ್ಬರ್ ಬಳೆ, ಎಂಜಿನ್ ಹಿಂದೆ ಹಾದು ವಾಟರ್ ಪಂಪಿಗೆ ಸೇರುವ ಕಬ್ಬಿಣದ ಪೈಪು, ಇವು ಮುಖ್ಯ ಜಾಗಗಳು. ಪ್ಲಾಸ್ಟಿಕ್ ಅಂದರೆ ಇಲ್ಲಿ ಗಾಜಿನ ನೂಲು ಬೆರೆಸಿದ ನೈಲಾನ್. ವರ್ಷಗಟ್ಟಲೆ ಬಿಸಿ ಕೂಲಂಟಿನಲ್ಲಿ ನೆನೆದು, ದಿನಕ್ಕೆರಡು ಸಲ ಕಾದು ಆರಿ, ಕೊನೆಗೆ ಅದು ಹಪ್ಪಳದಂತಾಗುತ್ತದೆ. ಹೋಸ್ ಬಿಚ್ಚಲು ಸ್ವಲ್ಪ ತಿರುಗಿಸಿದರೂ ಫಿಟ್ಟಿಂಗಿನ ಕುತ್ತಿಗೆ ಮುರಿದು ಹೋಸಿನ ಜೊತೆ ಕೈಗೆ ಬರುತ್ತದೆ. ರಬ್ಬರ್ ಓ ರಿಂಗ್ ಗುಂಡಗಿದ್ದದ್ದು ಚಪ್ಪಟೆಯಾಗಿ, ಗಟ್ಟಿಯಾಗಿ, ಉಗುರು ಒತ್ತಿದರೆ ತಗ್ಗುವುದೇ ಇಲ್ಲ. ಬೆಳಗಿನ ಜಾವದ ತಂಪಿನಲ್ಲಿ ಮಾತ್ರ ಸೋರಿ, ಎಂಜಿನ್ ಕಾದ ಮೇಲೆ ನಿಲ್ಲುವ ಸೋರಿಕೆ ಇದರದ್ದೇ: ತಣಿದಾಗ ಎಲ್ಲ ಕುಗ್ಗಿ ಸಂದು ಬೀಳುತ್ತದೆ, ಕಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಗಾಡಿ ಬಿಸಿ ಇದ್ದಾಗಲೇ ಗ್ಯಾರೇಜಿಗೆ ಒಯ್ದರೆ ಏನೂ ಕಾಣುವುದಿಲ್ಲ.

ಈ ಪತ್ತೆಯ ಕೆಲಸದಲ್ಲಿ ಪುಣೆಯ ರೀತಿ ನನಗೆ ಹಿಡಿಸುತ್ತದೆ. ಪಿಂಪ್ರಿ, ಭೋಸರಿ ಸುತ್ತ ಕಾರ್ಖಾನೆ ಕೆಲಸ ಕಲಿತು ಬಂದ ಮೆಕ್ಯಾನಿಕ್‌ಗಳು ಪ್ರೆಶರ್ ಪಂಪ್ ಇಟ್ಟುಕೊಂಡಿರುತ್ತಾರೆ. ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಬೇಕು. ಮುಚ್ಚಳ 0.9 ಬಾರ್ ಅಂದರೆ 0.9, ಅದಕ್ಕಿಂತ ಹೆಚ್ಚಿಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ಹದಿನೈದು ನಿಮಿಷ ಮುಳ್ಳು ಕದಲದೆ ನಿಂತರೆ ಕೂಡಿಕೆಗಳು ಸರಿಯಿವೆ. ಇಳಿದರೆ ಟಾರ್ಚ್ ಹಿಡಿದು ಹುಡುಕಬೇಕು. ನಮ್ಮ ಕಡೆ ಕಣ್ಣಂದಾಜೇ ಹೆಚ್ಚು. ಆ ಕಣ್ಣೂ ದೊಡ್ಡದೇ: ಒಣಗಿದ ಕೂಲಂಟಿನ ಬಿಳಿ, ಹಸಿರು ಅಥವಾ ಗುಲಾಬಿ ಪುಡಿಯ ಗೆರೆ ನೋಡಿ ಮೂಲ ಹೇಳುವವರಿದ್ದಾರೆ. ಆದರೆ ಕಣ್ಣು ಮೋಸ ಹೋಗುವ ಜಾಗಗಳುಂಟು. ಸ್ಕೋಡಾ, ಫೋಕ್ಸ್‌ವ್ಯಾಗನ್‌ನ ಹಳೇ ಡೀಸೆಲ್ ಗಾಡಿಗಳಲ್ಲಿ ಫ್ಲೇಂಜ್ ಇರುವುದು ಹೆಡ್ಡಿನ ಗೇರ್‌ಬಾಕ್ಸ್ ಬದಿಗೆ. ಅಲ್ಲಿ ಸೋರಿದ್ದು ಗೇರ್‌ಬಾಕ್ಸ್ ಮೇಲೆ ಹರಿದು ಎಲ್ಲೋ ಕೆಳಗೆ ತೊಟ್ಟಿಕ್ಕುತ್ತದೆ. ಬಿಸಿ ಬ್ಲಾಕ್ ಮೇಲೆ ಬಿದ್ದ ಹನಿಯಂತೂ ಆವಿಯಾಗಿ ಹೋಗಿ ನೆಲದ ಮೇಲೆ ಗುರುತೇ ಇರುವುದಿಲ್ಲ, ಸಿಹಿ ವಾಸನೆ ಮಾತ್ರ ಉಳಿಯುತ್ತದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಕಲೆ ಇಳಿದಿದ್ದರೆ ಫಿಟ್ಟಿಂಗಿನ ತಪ್ಪಲ್ಲ, ಪಂಪಿನ ಸೀಲ್ ಹೋಗಿದೆ.

ಬದಲಿಸುವ ಕೆಲಸಕ್ಕೆ ಬಂದರೆ ಮಾತ್ರ ಪುಣೆಯ ಅವಸರ ನನಗೆ ಒಪ್ಪಿಗೆಯಿಲ್ಲ. ನಾನಾ ಪೇಠ್‌ನಲ್ಲಿ ಹೊಸ ಭಾಗ ಅರ್ಧ ಗಂಟೆಯಲ್ಲಿ ಸಿಗುತ್ತದೆ, ಹಳೆಯದನ್ನು ಕಿತ್ತು ಹೊಸದನ್ನು ಬಿಗಿದು ಸಂಜೆಗೆ ಗಾಡಿ ಕೊಟ್ಟುಬಿಡುತ್ತಾರೆ. ತಿಂಗಳಲ್ಲಿ ಅದೇ ಜಾಗ ಮತ್ತೆ ಒದ್ದೆ. ಕಾರಣ ಫಿಟ್ಟಿಂಗಲ್ಲ, ಅದು ಕೂತ ಅಲ್ಯುಮಿನಿಯಂ ಮುಖ. ಹಳೇ ಫ್ಲೇಂಜ್ ತೆಗೆದಾಗ ಆ ಮುಖವನ್ನು ಹತ್ತಿರದಿಂದ ನೋಡಿ. ಓ ರಿಂಗ್ ಕೂತ ಸುತ್ತಿನಲ್ಲಿ ಸುಣ್ಣದಂಥ ಬಿಳಿ ಪುಡಿ ಇರುತ್ತದೆ. ಅದನ್ನು ಒರೆಸಿದರೆ ಕೆಳಗೆ ಸಾಸಿವೆ ಕಾಳಿಗಿಂತ ಸಣ್ಣ ಗುಳಿಗಳು, ಒಂದೆರಡು ಕಡೆ ಸೇರಿಕೊಂಡು ಒಳಗಿನಿಂದ ಹೊರಗಿನವರೆಗೆ ಗೆರೆಯಾಗಿರುತ್ತವೆ. ಆ ಗೆರೆಯೇ ನೀರಿನ ದಾರಿ. ಹೊಸ ಓ ರಿಂಗ್ ಅದನ್ನು ಮುಚ್ಚಲಾರದು.

ಇಲ್ಲಿ ನಮ್ಮ ಕಡೆಯ ನಿಧಾನದ ಕೈ ಬೇಕು. ಮೊದಲು ತೂತಿಗೆ ಸ್ವಚ್ಛ ಬಟ್ಟೆ ತುರುಕಬೇಕು. ಮುರಿದ ಪ್ಲಾಸ್ಟಿಕ್ ಚೂರು ಒಳಗೆ ಬಿದ್ದರೆ ಥರ್ಮೋಸ್ಟಾಟ್‌ನಲ್ಲೋ ಹೀಟರಿನ ಕೊಳವೆಯಲ್ಲೋ ಹೋಗಿ ಸಿಕ್ಕುತ್ತದೆ. ಆಮೇಲೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಸ್ಕಾಚ್ ಬ್ರೈಟ್ ಹಾಕಿ ಕೈಯಿಂದ ಉಜ್ಜಬೇಕು. ಗ್ರೈಂಡರಿಗೆ ಸಿಕ್ಕಿಸಿದ ಚಕ್ರ ಬೇಡವೇ ಬೇಡ, ಅದು ಮೆತ್ತನೆಯ ಅಲ್ಯುಮಿನಿಯಂನಲ್ಲಿ ಹಳ್ಳ ತೋಡುತ್ತದೆ. ಉಕ್ಕಿನ ಪಟ್ಟಿ ಅಡ್ಡ ಇಟ್ಟು 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಕೆಳಗೆ ತೂರುತ್ತದೆಯೇ ನೋಡಬೇಕು; ತೂರಿದರೆ ಮುಖ ಸಮವಿಲ್ಲ. ಗುಳಿ ಆಳವಾಗಿದ್ದರೆ ಲೋಹದ ಪುಡಿಯಿರುವ ಎಪಾಕ್ಸಿ ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ ಸಮ ಮಾಡಬೇಕು. ಈ ಎಪಾಕ್ಸಿ ಮುಖ ತುಂಬಲು ಸರಿ; ಅದಾಗಲಿ ಎಂ-ಸೀಲ್ ಆಗಲಿ ಸೀಳಿದ ಪ್ಲಾಸ್ಟಿಕ್ ಕುತ್ತಿಗೆಗೆ ಹೊರಗಿನಿಂದ ಮೆತ್ತಲು ಅಲ್ಲ. ಬಿಸಿಗೆ ಮೆತ್ತಿದ್ದೂ ಪ್ಲಾಸ್ಟಿಕ್ಕೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕಿತ್ತುಕೊಳ್ಳುತ್ತವೆ.

ಬೋಲ್ಟ್ ಸಾಮಾನ್ಯವಾಗಿ ಎಂ6. ಅಲ್ಯುಮಿನಿಯಂ ಹೆಡ್ಡಿನಲ್ಲಿ 8ರಿಂದ 10 ನ್ಯೂಟನ್ ಮೀಟರ್ ಸಾಕು, ಅಂದರೆ ಸಣ್ಣ ರ‍್ಯಾಚೆಟ್ಟನ್ನು ತಲೆಯ ಹತ್ತಿರ ಹಿಡಿದು ಮಣಿಕಟ್ಟಿನ ಬಲ. ಗಾಡಿಯ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಏರ್ ಗನ್ ಹಿಡಿದರೆ ಒಂದೋ ಫ್ಲೇಂಜ್ ಸೀಳುತ್ತದೆ, ಇಲ್ಲವೇ ಥ್ರೆಡ್ ಕಿತ್ತು ಬರುತ್ತದೆ. ಥ್ರೆಡ್ ಹೋದರೆ ದಪ್ಪ ಬೋಲ್ಟ್ ಒತ್ತಿ ತಿರುಗಿಸುವ ಬದಲು ಎಂ6ಕ್ಕೆ 1 ಮಿ.ಮೀ. ಪಿಚ್ಚಿನ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ, ಹಾಕಿಸಿ. ಬೆಳಗಾವಿಯ ಉದ್ಯಮಬಾಗದಲ್ಲೋ ಇಲ್ಲಿ ಭೋಸರಿಯಲ್ಲೋ ಲೇಥ್ ಅಂಗಡಿಯವರಿಗೆ ಅದು ನಿತ್ಯದ ಕೆಲಸ. ಎರಡು ಬೋಲ್ಟಿದ್ದರೆ ಒಂದನ್ನೇ ಪೂರ್ತಿ ಬಿಗಿಯದೆ, ಒಂದಕ್ಕಿಷ್ಟು ಇನ್ನೊಂದಕ್ಕಿಷ್ಟು ಕೊಡುತ್ತ ಹೋಗಬೇಕು.

ಓ ರಿಂಗ್ ಇರುವ ಕಡೆ ಅನಾಬಾಂಡ್ ಸೀಲಂಟ್ ಹಚ್ಚುವುದು ಎರಡೂ ಊರಿನ ಕೆಟ್ಟ ರೂಢಿ. ಓ ರಿಂಗ್ ಕೆಲಸ ಮಾಡುವುದು ಫಿಟ್ಟಿಂಗಿನಲ್ಲಿ ಕೊರೆದ ಸುತ್ತುಗಾಲುವೆಯೊಳಗೆ ಒತ್ತಿಸಿಕೊಂಡು. ಸೀಲಂಟ್ ಆ ಕಾಲುವೆ ತುಂಬಿದರೆ ರಬ್ಬರಿಗೆ ಸರಿಯಲು ಜಾಗವಿಲ್ಲ, ಒಳಗೆ ಉಬ್ಬಿದ ಉಂಡೆ ಕಿತ್ತು ರೇಡಿಯೇಟರಿನ ಸಣ್ಣ ನಳಿಗೆಗಳಿಗೆ ಹೋಗುತ್ತದೆ. ಕಾಗದದ ಗ್ಯಾಸ್ಕೆಟ್ಟಿಗೆ ತೆಳ್ಳಗೆ ಸವರಿದರೆ ತಪ್ಪಿಲ್ಲ, ಆದರೆ ಒಂದು ರಾತ್ರಿ ಒಣಗದೆ ನೀರು ತುಂಬಬಾರದು. ಓ ರಿಂಗ್ ಕೊಳ್ಳುವಾಗ ಅಳತೆ ಹೊಂದಿತು ಅಂತ ಯಾವುದೋ ಕರೀ ರಬ್ಬರ್ ತರಬೇಡಿ, ಇಪಿಡಿಎಂ ಅನ್ನುವ ರಬ್ಬರಿನದು ಕೇಳಿ. ಎಣ್ಣೆಗೆ ಮಾಡಿದ ನೈಟ್ರೈಲ್ ರಬ್ಬರ್ ಬಿಸಿ ಕೂಲಂಟಿನಲ್ಲಿ ಬೇಗ ಗಟ್ಟಿಯಾಗುತ್ತದೆ. ಇಪಿಡಿಎಂಗೆ ಎಣ್ಣೆ, ಗ್ರೀಸ್ ಶತ್ರು, ಊದಿಕೊಳ್ಳುತ್ತದೆ. ಹಾಗಾಗಿ ಕೂರಿಸುವಾಗ ಕೂಲಂಟನ್ನೇ ಸವರಿ, ಅಥವಾ ಸಿಲಿಕೋನ್ ಗ್ರೀಸ್.

ಪ್ಲಾಸ್ಟಿಕ್ ತೆಗೆದು ಲೇಥ್‌ನಲ್ಲಿ ಹಿತ್ತಾಳೆಯದು ಮಾಡಿಸಿದರೆ ಜೀವಮಾನ ಬಾಳುತ್ತದೆ ಅನ್ನುವ ನಂಬಿಕೆ ನಮ್ಮವರಲ್ಲಿ ಗಟ್ಟಿ. ಕೂಲಂಟ್ ಬದಲು ನಲ್ಲಿ ನೀರು ಹಾಕುವ ಗಾಡಿಯಲ್ಲಿ ಅದು ತಿರುಗುಬಾಣ: ಹಿತ್ತಾಳೆ ಉಳಿಯುತ್ತದೆ, ಪಕ್ಕದ ಅಲ್ಯುಮಿನಿಯಂ ಹೆಡ್ ಸವೆಯುತ್ತದೆ. ಅಲ್ಯುಮಿನಿಯಂನಲ್ಲೇ ಮಾಡಿಸಿ, ಓ ರಿಂಗ್ ಕೂರುವ ಕಡೆ ಅಡ್ಡ ಗೀರು ಒಂದೂ ಇರದಂತೆ ನಯ ಮಾಡಿಸಿ. ಹೋಸ್ ಜಾರದಂತೆ ಕುತ್ತಿಗೆಯ ತುದಿಯಲ್ಲಿ ಉಬ್ಬು ಬಿಡಲು ಹೇಳುವುದನ್ನು ಮರೆಯಬೇಡಿ. ಕ್ಲಾಂಪ್ ಆ ಉಬ್ಬಿನ ಹಿಂದೆ ಕೂರಬೇಕು, ಮೇಲೆ ಅಲ್ಲ. ಪ್ಲಾಸ್ಟಿಕ್ ಕುತ್ತಿಗೆಗೆ ಸ್ಕ್ರೂ ಕ್ಲಾಂಪಿಗಿಂತ ಕಂಪನಿಯ ಸ್ಪ್ರಿಂಗ್ ಕ್ಲಾಂಪೇ ಮೇಲು, ಬಿಸಿ ತಂಪಿಗೆ ತಾನೇ ಹೊಂದಿಕೊಳ್ಳುತ್ತದೆ.

ಥರ್ಮೋಸ್ಟಾಟ್ ತೆಗೆದು ಓಡಿಸುವ ಬಗ್ಗೆ ನನ್ನ ಬೇಸರ ದೊಡ್ಡದು. "ನಮ್ಮ ಬಿಸಿಲಿಗೆ ಅದ್ಯಾಕ್ರಿ" ಅನ್ನುತ್ತಾರೆ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗಲೇ ಬೈಪಾಸ್ ದಾರಿ ಮುಚ್ಚುವುದು. ಅದನ್ನು ಕಿತ್ತರೆ ಒಂದು ಪಾಲು ಕೂಲಂಟ್ ರೇಡಿಯೇಟರಿಗೆ ಹೋಗದೆ ಸುತ್ತುತ್ತಲೇ ಇರುತ್ತದೆ, ಘಾಟಿನಲ್ಲಿ ಬಿಸಿ ಇನ್ನೂ ಹೆಚ್ಚುತ್ತದೆ. ಹೌಸಿಂಗ್ ಬಿಚ್ಚಿದ್ದೀರಿ ಅಂದ ಮೇಲೆ 82 ಅಥವಾ 88 ಡಿಗ್ರಿ, ಗಾಡಿಗೆ ಯಾವುದೋ ಅದು, ಹೊಸದನ್ನೇ ಹಾಕಿಸಿ. ಅದೇ ವಯಸ್ಸಿನ ಟಿ, ಸೆನ್ಸರಿನ ಓ ರಿಂಗ್, ಮುಚ್ಚಳ, ಇವನ್ನೂ ಅದೇ ದಿನ ಬದಲಿಸಿ. ಒಂದು ಕೂಡಿಕೆ ಭದ್ರವಾದರೆ ಒತ್ತಡ ಪಕ್ಕದ ಹಳೆಯದನ್ನು ಹುಡುಕುತ್ತದೆ.

ತುಂಬುವುದು ಅರ್ಧ ಕೂಲಂಟ್, ಅರ್ಧ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಸಣ್ಣ ಕಾರಿಗೆ ಒಟ್ಟು 4ರಿಂದ 6 ಲೀಟರ್ ಹಿಡಿಯುತ್ತದೆ. ಡಬ್ಬಿಯ ಮೇಲೆ ರೆಡಿ ಟು ಯೂಸ್ ಅಂತಿದ್ದರೆ ನೀರು ಸೇರಿಸಬಾರದು. ಸೊಸೈಟಿಯ ಬೋರ್‌ವೆಲ್ ನೀರು ಬೇಡ, ಅದರ ಗಡಸು ಎಂಜಿನ್ ಒಳಗೆ ಸುಣ್ಣವಾಗಿ ಕೂರುತ್ತದೆ. ಹಸಿರು, ಕೆಂಪು ಬೆರೆಸಬೇಡಿ. ಇಳಿಸಿದ ಹಳೇ ಕೂಲಂಟನ್ನು ಬಕೆಟ್ಟಿನಲ್ಲಿ ತೆರೆದಿಡಬೇಡಿ, ಸಿಹಿಯಾಗಿರುವುದರಿಂದ ನಾಯಿ ಬೆಕ್ಕು ನೆಕ್ಕುತ್ತವೆ, ಅವುಗಳ ಕಿಡ್ನಿಗೆ ಅದು ವಿಷ.

ಗಾಳಿ ತೆಗೆಯಲು ಮೂತಿ ಮೇಲಾಗಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಸಡಿಲಿಸಿ ಬಿಗಿಯಬೇಕು. ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಎಂಜಿನ್ ಆರಿಸಬಾರದು. ಒಳಗೆ ಹೀಟರ್ ತಣ್ಣನೆ ಗಾಳಿ ಬಿಟ್ಟರೆ ಗಾಳಿ ಇನ್ನೂ ಸಿಕ್ಕಿಕೊಂಡಿದೆ. ಕೂಲಂಟ್ ಟ್ಯಾಂಕಿನ ಮೇಲೆ ಟೇಪ್ ಅಂಟಿಸಿ ಮಟ್ಟ ಗುರುತಿಸಿ, ಮೂರು ದಿನ ಬೆಳಿಗ್ಗೆ ತಣ್ಣಗಿರುವಾಗ ನೋಡಿ. ಮೊದಲ ದಿನ ಬೆರಳಗಲ ಇಳಿದರೆ ಅದು ಹೊರಬಂದ ಗಾಳಿಯ ಜಾಗ, ತುಂಬಿದರಾಯಿತು. ಮೂರನೇ ದಿನವೂ ಇಳಿಯುತ್ತಿದ್ದರೆ ಊರಿಗೆ ಹೊರಡುವ ಮೊದಲು ಮತ್ತೆ ಪ್ರೆಶರ್ ಪಂಪ್ ಕೂರಿಸಿ ನೋಡಿಸಿ. ಇಷ್ಟಾಗಿಯೂ ಖಂಬಾಟಕಿಯಲ್ಲಿ ಬಿಸಿ ತೋರಿಸುವ ಮುಳ್ಳು ಏರಿದರೆ ಎಸಿ ಆರಿಸಿ, ಹೀಟರ್ ಜೋರಾಗಿ ಹಚ್ಚಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಮುಚ್ಚಳಕ್ಕೆ ಕನಿಷ್ಠ ಅರ್ಧ ಗಂಟೆ ಕೈ ಹಚ್ಚಬೇಡಿ. ಆಮೇಲೂ ಮೇಲಿನ ಹೋಸ್ ಹಿಸುಕಿ, ಮೆತ್ತಗಿದ್ದರೆ ಮಾತ್ರ ದಪ್ಪ ಬಟ್ಟೆ ಹಾಕಿ ನಿಧಾನ ತಿರುಗಿಸಿ.