ಮಾತಾಡಿಸೋದು ಅಂದರೆ

ಹೋದ ಭಾನುವಾರ ಚಿಕ್ಕಮ್ಮ ಫೋನ್ ಮಾಡಿದರು. ನಮ್ಮ ಸಂಬಂಧದ ಹುಡುಗಿಯೊಬ್ಬಳಿಗೆ ಐದು ತಿಂಗಳಾಗಿತ್ತು, ನಿಲ್ಲಲಿಲ್ಲವಂತೆ. "ನಡಿ, ಹೋಗಿ ಮಾತಾಡಿಸಿಕೊಂಡು ಬರೋಣ" ಅಂದರು.

ಹೋದೆವು. ಆಗಲೇ ಆರೇಳು ಜನ ಹೆಂಗಸರು ಬಂದಿದ್ದರು. ಅವಳು ಕಿವಿಗೆ ಬಟ್ಟೆ ಕಟ್ಟಿಕೊಂಡು, ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದಳು. ಒಬ್ಬರಾದ ಮೇಲೆ ಒಬ್ಬರು ಶುರು ಮಾಡಿದರು. "ಇನ್ನೂ ವಯಸ್ಸಿದೆ ಬಿಡು, ಇನ್ನೊಂದಾಗುತ್ತೆ." "ಹುಟ್ಟಿ ಹೋಗೋದಕ್ಕಿಂತ ಇದೇ ವಾಸಿ." "ಸ್ಕೂಟಿ ಓಡಿಸ್ತಿದ್ಯಾ?" "ಪಪ್ಪಾಯಿ ಗಿಪ್ಪಾಯಿ ತಿಂದ್ಯಾ?" ಕಾಫಿ ಬಂತು, ಕುಡಿದೆವು. ಅರ್ಧ ಗಂಟೆಯಲ್ಲಿ ಅವಳು ಬಾಯಿಂದ ಒಂದು ಮಾತು ಆಡಲಿಲ್ಲ. ನಾವು ಹೋಗಿದ್ದು ಅವಳನ್ನು ಮಾತಾಡಿಸೋಕೆ!

ಎಂಥ ಒಳ್ಳೆಯ ಮಾತಿದು, ಮಾತಾಡಿಸೋದು. ಊಟ ಮಾಡಿಸೋದು ಅಂದರೆ ಅವರು ಉಣ್ಣಬೇಕು. ಮಲಗಿಸೋದು ಅಂದರೆ ಅವರು ಮಲಗಬೇಕು. ಮಾತಾಡಿಸೋದು ಅಂದರೂ ಅಷ್ಟೇ ಅಲ್ವಾ, ಮಾತು ಅವರದಾಗಬೇಕು.

ಏಳು ವರ್ಷದ ಹಿಂದೆ ಅದೇ ರೀತಿ ಕಿವಿಗೆ ಬಟ್ಟೆ ಕಟ್ಟಿಕೊಂಡು ನಾನು ಕೂತಿದ್ದೆ. ನನಗೂ ಐದನೇ ತಿಂಗಳೇ. ಮಗು ಹುಟ್ಟೋಕೆ ಮುಂಚೆ ಏನೂ ತರಬಾರದು ಅನ್ನೋದು ನಮ್ಮಲ್ಲಿ ಪದ್ಧತಿ. ಹಾಗಾಗಿ ಮನೆಯಲ್ಲಿ ಒಂದು ಕುಲಾವಿ ಕೂಡ ಇರಲಿಲ್ಲ. ಅವಳು ಇದ್ದಳು ಅನ್ನೋದಕ್ಕೆ ಉಳಿದಿದ್ದು ಸ್ಕ್ಯಾನಿಂಗ್ ರಿಪೋರ್ಟು, ಅರ್ಧ ಶೀಟ್ ಐರನ್ ಮಾತ್ರೆ, ಮತ್ತೆ ತಾಯಿ ಕಾರ್ಡ್. ಮೂರನೇ ದಿನ ನನಗೆ ಹಾಲು ಬಂತು. ಹೀಗೂ ಆಗುತ್ತೆ ಅಂತ ಯಾರೂ ಹೇಳಿರಲಿಲ್ಲ. ರವಿಕೆ ಒದ್ದೆಯಾಗಿದ್ದು ನೋಡಿ ಅಮ್ಮ ಬೇರೆ ಬಟ್ಟೆ ತಂದುಕೊಟ್ಟು ಮುಖ ಆ ಕಡೆ ತಿರುಗಿಸಿಕೊಂಡರು.

ಆಗಲೂ ಮನೆ ತುಂಬ ಜನ ಬಂದರು. "ಬಿಡು" ಅನ್ನೋ ಮಾತು ಎಷ್ಟು ಸಲ ಕೇಳಿದೆನೋ. ಬಂದವರು ಯಾರೂ ಕೆಟ್ಟವರಲ್ಲ. ಸಬ್ಬಸಿಗೆ ಸೊಪ್ಪಿನ ಸಾರು ಮಾಡಿಕೊಂಡು ತಂದವರೂ ಅವರೇ. ಆದರೆ ಎದುರಿಗೆ ಕೂತವರು ಅಳೋದನ್ನು ನೋಡೋಕೆ ನಮ್ಮ ಕೈಲಿ ಆಗಲ್ಲ. ಜೀವ ಚಡಪಡಿಸುತ್ತೆ. ಬೇಗ ಅದು ನಿಲ್ಲಬೇಕು ನಮಗೆ. ಅದಕ್ಕೇ ಬಿಡು ಅಂತೀವಿ. ಅವರಿಗೆ ಸಮಾಧಾನ ಹೇಳಿದ್ವಿ ಅಂದುಕೊಳ್ಳುತ್ತೇವೆ, ಸಮಾಧಾನ ಆಗೋದು ನಮಗೆ. ನಾನೂ ಅದಕ್ಕೆ ಮುಂಚೆ ನಾಕು ಮನೆಯಲ್ಲಿ ಇದೇ ಮಾತು ಹೇಳಿ ಬಂದವಳೇ. ಅದು ನೆನಪಾದಾಗ ಈಗಲೂ ಹೊಟ್ಟೆ ಚುರ್ ಅನ್ನುತ್ತೆ.

ಹತ್ತನೇ ದಿನವೋ ಏನೋ, ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬಂದರು. ಅವರು ರಿಜಿಸ್ಟರಿನಲ್ಲಿ ಏನಾಯಿತು ಅಂತ ಬರೆದುಕೊಳ್ಳಬೇಕು, ಅದು ಅವರ ಕೆಲಸ. ಚೀಲದಿಂದ ಪುಸ್ತಕ ತೆಗೆದರು. ನನ್ನ ಮುಖ ನೋಡಿ ಮತ್ತೆ ಒಳಗಿಟ್ಟರು. ನೆಲದ ಮೇಲೆ ನನ್ನ ಪಕ್ಕದಲ್ಲೇ ಕೂತರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಒದೀತಿತ್ತಾ ಅಕ್ಕ?"

ಅಷ್ಟು ದಿನದಲ್ಲಿ ಮಗುವಿನ ಬಗ್ಗೆ ಕೇಳಿದವರು ಅವರೊಬ್ಬರೇ. ಹೇಳಿದೆ. ರಾತ್ರಿ ಊಟ ಆಗಿ ಎಡಕ್ಕೆ ತಿರುಗಿ ಮಲಗಿದಾಗ ಮೀನು ಬಾಲ ಹೊಡೆದ ಹಾಗೆ ಆಗುತ್ತಿತ್ತು, ನಮ್ಮ ಮನೆಯವರು ಕೈ ಇಟ್ಟ ತಕ್ಷಣ ಸುಮ್ಮನಾಗಿಬಿಡುತ್ತಿದ್ದಳು, ಒಂದು ಸಲವೂ ಅವರಿಗೆ ಸಿಗಲಿಲ್ಲ ಅಂತ. ಹೇಳುತ್ತಾ ಹೇಳುತ್ತಾ ಗಟ್ಟಿಯಾಗಿ ಅತ್ತುಬಿಟ್ಟೆ. ಅಡುಗೆಮನೆಯಲ್ಲಿ ನಲ್ಲಿ ನಿಂತ ಸದ್ದಾಯಿತು. ಪಾತ್ರೆ ತೊಳೆಯುತ್ತಿದ್ದ ನನ್ನ ಗಂಡ ಕೈ ಒರೆಸಿಕೊಳ್ಳದೆ ಬಾಗಿಲಲ್ಲಿ ಬಂದು ನಿಂತಿದ್ದರು. ಅವರನ್ನು ಎಲ್ಲರೂ ಕೇಳುತ್ತಿದ್ದದ್ದು ಒಂದೇ, "ಹೆಂಡತಿ ಹೇಗಿದ್ದಾರೆ?" ನೀನು ಹೇಗಿದ್ದೀಯಪ್ಪ ಅಂತ ಯಾರೂ ಕೇಳಿರಲಿಲ್ಲ. ಅವತ್ತು ಅವರೂ ಅತ್ತರು.

ಹೊರಡುವಾಗ ಆಕೆ, "ಕಾರ್ಡ್ ನಿಮ್ಮ ಹತ್ರಾನೇ ಇಟ್ಕೊಳ್ಳಿ ಅಕ್ಕ" ಅಂದರು. ಇನ್ನೂ ಬೀರುವಿನಲ್ಲಿದೆ.

ಆ ಸ್ಕೂಟಿ, ಪಪ್ಪಾಯಿ ಪ್ರಶ್ನೆಗಳನ್ನಂತೂ ದಯವಿಟ್ಟು ನಿಲ್ಲಿಸಿ. ಮೊದಲ ಮೂರು ತಿಂಗಳಲ್ಲಿ ಇಳಿದುಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟು ಹೋಗುವುದು ಭ್ರೂಣದ ಕ್ರೋಮೋಸೋಮುಗಳಲ್ಲೇ ತೊಂದರೆ ಇರುವುದರಿಂದ. ನನ್ನದು ಗರ್ಭಕೋಶದ ಬಾಯಿ ಹೊತ್ತಿಗೆ ಮುಂಚೆ ತೆರೆದುಕೊಂಡಿತ್ತು. ಮುಂದಿನ ಸಲ ಡಾಕ್ಟರು 14ನೇ ವಾರಕ್ಕೆ ಹೊಲಿಗೆ ಹಾಕಿದರು, ಮಗ ಹುಟ್ಟಿದ. ಅವನು ಬಂದ ಅಂತ ಅವಳು ಹೋಗಿದ್ದು ಸುಳ್ಳಾಗಲಿಲ್ಲ. ಇನ್ನೊಂದು ವಿಷಯ, ಗರ್ಭಪಾತವಾದವರಿಗೆ 6 ವಾರ ಸಂಬಳದ ರಜೆ ಕೊಡಬೇಕು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿದ್ದರು, ಅದರ ಜಾಗಕ್ಕೆ ಬಂದಿರುವ ಹೊಸ ಕಾನೂನಿನಲ್ಲೂ ಇದೆ. ನಾನು ಎರಡು ವಾರಕ್ಕೇ ಕೆಲಸಕ್ಕೆ ಹೋದೆ. ನನಗೆ ಗೊತ್ತಿರಲಿಲ್ಲ, ಆಫೀಸಿನಲ್ಲಿ ಯಾರೂ ಹೇಳಲೂ ಇಲ್ಲ. ನಿಮ್ಮ ಆಫೀಸಿನಲ್ಲಿ ಯಾರಿಗಾದರೂ ಹೀಗಾದರೆ ಅದನ್ನು ಹೇಳಿ. "ಬಿಡು" ಅನ್ನೋದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಹಾಗಂತ ಆ ಭಾನುವಾರ ನಾನೇನೂ ದೊಡ್ಡದು ಮಾಡಲಿಲ್ಲ. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ಎಲ್ಲರೂ ಎದ್ದ ಮೇಲೆ ಚಿಕ್ಕಮ್ಮನಿಗೆ ನೀವು ಹೋಗಿರಿ, ಆಮೇಲೆ ಬರ್ತೀನಿ ಅಂದೆ. ಮಂಚದ ತುದಿಯಲ್ಲಿ ಕೂತೆ. ಸುಮಾರು ಹೊತ್ತು ಇಬ್ಬರೂ ಸುಮ್ಮನಿದ್ದೆವು. ಏನಾದರೂ ಹೇಳಿಬಿಡಬೇಕು ಅಂತ ನಾಲಿಗೆ ತುರಿಸುತ್ತಿತ್ತು, ತಡೆದುಕೊಂಡೆ. ಆಮೇಲೆ, "ಒದೀತಿತ್ತಾ?" ಅಂತ ಕೇಳಿದೆ.

ಅವಳು ದಿಂಬಿನ ಕೆಳಗಿಂದ ಮೊಬೈಲ್ ತೆಗೆದಳು. ಸ್ಕ್ಯಾನಿಂಗ್ ಫೋಟೊ ಹುಡುಕಿ, ಎರಡು ಬೆರಳಲ್ಲಿ ದೊಡ್ಡದು ಮಾಡಿ ನನ್ನ ಕಡೆ ಹಿಡಿದಳು.

"ಮೂಗು ಅವರ ತರಾನೇ ಇದೆ ಅಲ್ವಾ ಅಕ್ಕ?"

ಹತ್ತಿರ ತಂದುಕೊಂಡು ನೋಡಿದೆ. ಹೌದು, ಹಾಗೇ ಇತ್ತು.