ಅಲೈನ್‌ಮೆಂಟ್ ಚೀಟಿಯಲ್ಲಿ ಮೊದಲು ಕ್ಯಾಸ್ಟರ್ ನೋಡಿ

ಅಲೈನ್‌ಮೆಂಟ್ ಮಾಡಿಸಿದ ಮೇಲೂ ಕಾರು ಒಂದು ಕಡೆ ಎಳೆಯುತ್ತಿದೆಯೇ? ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತಿಲ್ಲವೇ? ಅಲೈನ್‌ಮೆಂಟ್ ಯಂತ್ರದ ಪರದೆಯಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಹಸಿರಾಯಿತೆಂದು ದುಡ್ಡು ಕೊಟ್ಟು ಹೊರಟುಬಿಡಬೇಡಿ. ಟೋ ತಪ್ಪಿದರೆ ಟೈರ್ ಬೇಗ ಸವೆಯುತ್ತದೆ, ಅದು ಸರಿಯಿರಲೇಬೇಕು. ಆದರೆ ಸ್ಟೀರಿಂಗ್‌ಗೆ ತೂಕ ಬರುವುದು, ಕೈ ಸಡಿಲಿಸಿದರೆ ಅದು ಮರಳುವುದು ಹೆಚ್ಚಾಗಿ ಕ್ಯಾಸ್ಟರ್‌ನಿಂದ.

ಮೇಲಿನ ಸ್ಟ್ರಟ್ ಮೌಂಟ್‌ನಿಂದ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್ ಕಾರಿನ ಮೈಗೆ ಸೇರುವ ಜಾಗ) ಕೆಳಗಿನ ಬಾಲ್ ಜಾಯಿಂಟ್‌ಗೆ (ಚಕ್ರ ತಿರುಗಲು ಬಿಡುವ ಗುಂಡು ಕೀಲು) ಒಂದು ಗೆರೆ ಎಳೆಯಿರಿ. ಪಕ್ಕದಿಂದ ನೋಡಿದಾಗ ಅದರ ಮೇಲ್ತುದಿ ಎಷ್ಟು ಹಿಂದಕ್ಕೆ ವಾಲಿದೆಯೋ ಅದೇ ಕ್ಯಾಸ್ಟರ್. ಆ ಗೆರೆ ನೆಲ ಮುಟ್ಟುವ ಬಿಂದು ಮುಂದೆ, ಟೈರ್ ನೆಲ ಕಚ್ಚುವ ಜಾಗ ಹಿಂದೆ. ಹಾಗಾಗಿ ಚಕ್ರ ಹಿಂದಿನಿಂದ ಎಳೆಸಿಕೊಂಡು ಬಂದು ನೇರವಾಗುತ್ತದೆ. 300 ಮಿಮೀ ತ್ರಿಜ್ಯದ ಚಕ್ರಕ್ಕೆ 3 ಡಿಗ್ರಿಯಲ್ಲಿ ಈ ಅಂತರ ಸುಮಾರು 16 ಮಿಮೀ, 6 ಡಿಗ್ರಿಯಲ್ಲಿ ಹತ್ತಿರ ಹತ್ತಿರ 32. ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ಟೈರಿನ ಹಿಡಿತ ತಪ್ಪುವ ಮೊದಲು ಸ್ಟೀರಿಂಗ್ ಹಗುರಾಗಿ ಕೊಡುವ ಎಚ್ಚರಿಕೆಯನ್ನು ಅತಿಯಾದ ಕ್ಯಾಸ್ಟರ್ ಮುಚ್ಚಿಹಾಕುತ್ತದೆ.

ಎಡಬಲದ ವ್ಯತ್ಯಾಸ ಅರ್ಧ ಡಿಗ್ರಿ ಮೀರಿದರೆ ಅನುಮಾನಿಸಿ. ಕ್ಯಾಸ್ಟರ್ ಕಡಿಮೆಯಿರುವ ಕಡೆಗೇ ಕಾರು ಎಳೆಯುತ್ತದೆ. ಆದರೂ ಮೊದಲು ಗಾಳಿ ಸಮ ಮಾಡಿ, ಮುಂದಿನ ಎರಡು ಟೈರ್ ಅದಲುಬದಲು ಮಾಡಿ. ಎಳೆತವೂ ದಿಕ್ಕು ಬದಲಿಸಿದರೆ ತಪ್ಪು ಟೈರಿನದು. ಬದಲಿಸದಿದ್ದರೆ ಕೆಳಗೆ ಇಳಿದು ನೋಡಬೇಕು. ನಮ್ಮ ಬಹುಪಾಲು ಸಣ್ಣ ಕಾರುಗಳಲ್ಲಿ ಕ್ಯಾಸ್ಟರ್ ತಿರುಗಿಸಲು ಬೋಲ್ಟೇ ಇಲ್ಲ. ಅಂದಮೇಲೆ ಅಂಕಿ ತಪ್ಪಿದೆಯೆಂದರೆ ಏನೋ ಬಾಗಿದೆ ಇಲ್ಲವೇ ಜರುಗಿದೆ: ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು), ಸಬ್‌ಫ್ರೇಮ್ (ಆ ತೋಳು ಕೂರುವ ಚೌಕಟ್ಟು), ಅಥವಾ ಆರ್ಮ್‌ನ ಹಿಂದಿನ ಬುಷ್ (ರಬ್ಬರ್ ಕೀಲು). ಬುಷ್ ಹರಿದಿದ್ದರೆ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿದು ಆ ಕಡೆಯ ಕ್ಯಾಸ್ಟರ್ ಇಳಿಯುತ್ತದೆ. ನಿಂತ ಕಾರಿನ ಅಳತೆಯಲ್ಲಿ ಇದು ಕಾಣದೇ ಹೋಗಬಹುದು. ಹೊಸ ಬುಷ್ ಹಾಕಿದಾಗ ಅದರ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಬಂದಮೇಲೇ ಕೊನೆಯ ಬಿಗಿ ಮಾಡಬೇಕು. ಜಾಕ್ ಮೇಲಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕ್ಯಾಸ್ಟರ್ ಆದಮೇಲೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು), ಕೊನೆಗೆ ಟೋ ಸರಿಮಾಡಿಸಿ. ಕ್ಯಾಂಬರ್ ಕದಲಿದರೆ ಟೋ ಕೂಡ ಕದಲುತ್ತದೆ.

ಅಂಕಿಗಳೆಲ್ಲ ಸರಿಯಿದ್ದೂ ಸ್ಟೀರಿಂಗ್ ಮರಳದಿದ್ದರೆ ಸ್ಟ್ರಟ್ ಮೌಂಟ್‌ನ ಬೇರಿಂಗ್ ಜಾಮ್ ಆಗಿರಬಹುದು. ಸ್ಪ್ರಿಂಗ್ ಮೇಲೆ ಕೈಯಿಟ್ಟುಕೊಂಡು ಇನ್ನೊಬ್ಬರಿಂದ ಸ್ಟೀರಿಂಗ್ ತಿರುಗಿಸಿ. ಸ್ಪ್ರಿಂಗ್ ನುಣ್ಣಗೆ ತಿರುಗದೆ ತಡೆದು ತಡೆದು ಟಕ್ ಎಂದು ಹಾರಿದರೆ ಬೇರಿಂಗ್ ಹೋಗಿದೆ.

ಅಲಾಯ್ ಚಕ್ರ ಬದಲಿಸುವವರು ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕಿರುವ ದೂರ, ಮಿಮೀಯಲ್ಲಿ) ಕೇಳಿ. 45ರ ಬದಲು 35 ಹಾಕಿದರೆ ಚಕ್ರ 10 ಮಿಮೀ ಹೊರಗೆ ಬರುತ್ತದೆ. ಗುಂಡಿಗೆ ಒಂದೇ ಚಕ್ರ ಬಿದ್ದಾಗ ಸ್ಟೀರಿಂಗ್ ಜಗ್ಗುವುದು ಹೆಚ್ಚಾಗಬಹುದು. ಅದನ್ನು ಯಾವ ಅಲೈನ್‌ಮೆಂಟೂ ಸರಿಮಾಡಲಾರದು.